ಹೊರೆ ಹಂಚಿಕೊಂಡ ಟ್ರಾನ್ಸಿಸ್ಟರುಗಳು

ಆದವಾನಿ, ಕೌತಾಳಂ, ಹೊಳಗುಂದಿ ಸೀಮೆಯ ಯಾವುದೇ ರೈತನ ಮುಂದೆ ಎಲ್.ಎಲ್.ಸಿ. ಎಂದು ಉಚ್ಚರಿಸಿದರೆ ಆತನ ಕಣ್ಣೆದುರು ನಿಲ್ಲುವುದು ತುಂಗಭದ್ರೆಯ ಕೆಳಮಟ್ಟದ ಕಾಲುವೆ. ಬಳ್ಳಾರಿಯ ಕಡೆಯಿಂದ ಬರುವ ಆ ನೀರು ಕಾಲುವೆಯ ತುದಿಯ ಹೊಲದವರೆಗೆ ತಲುಪೀತೇ ಎಂಬುದೇ ಆತನ ಚಿಂತೆ. ಅದೇ ಮೂರಕ್ಷರಗಳು ಎಲೆಕ್ಟ್ರಾನಿಕ್ಸ್ ಎಂಜಿನಿಯರರ ಬಾಯಲ್ಲಿ ಬೇರೊಂದು ಅರ್ಥವನ್ನು ತಾಳುತ್ತವೆ. ಪ್ರೇರಕವನ್ನು 'ಎಲ್' ಎಂದೂ ಧಾರಕವನ್ನು 'ಸಿ' ಎಂದೂ ಗುರುತಿಸುವುದು ಭೌತಶಾಸ್ತ್ರದ ರೂಢಿ. ಎರಡು ಪ್ರೇರಕಗಳೂ ಒಂದು ಧಾರಕವೂ ಕೂಡಿ ಕೆಲಸ ಮಾಡುವ ವಿದ್ಯುತ್ ಮಂಡಲವನ್ನು ಅವರು ಎಲ್.ಎಲ್.ಸಿ. ಪರಿವರ್ತಕವೆನ್ನುತ್ತಾರೆ. ದೊಡ್ಡ ಪರದೆಯ ಟಿ.ವಿ.ಯ ಹಿಂಬದಿಯಲ್ಲಿಯೂ ವಿದ್ಯುತ್ ವಾಹನಗಳ ಚಾರ್ಜರಿನಲ್ಲಿಯೂ ಅದು ಕುಳಿತಿರುತ್ತದೆ. ಹೆಸರಿನ ಹೊಂದಾಣಿಕೆ ಕೇವಲ ಆಕಸ್ಮಿಕ. ಆದರೆ ಒತ್ತಡದಲ್ಲಿರುವ ದ್ವಾರವನ್ನು ಹಾನಿಯಿಲ್ಲದೆ ತೆರೆಯುವುದು ಹೇಗೆ, ಮುಚ್ಚುವುದು ಹೇಗೆ ಎಂಬ ಪ್ರಶ್ನೆ ಎರಡೂ ಕಡೆ ಒಂದೇ ಆಗಿದೆ.

ಈ ಪ್ರಶ್ನೆ ಸಾಮಾನ್ಯ ಕುಟುಂಬದ ಮನೆಬಾಗಿಲಿಗೆ ಬರುವುದು ಬೇಸಿಗೆಯಲ್ಲಿ. ಆದವಾನಿಯ ಬಿಸಿಲು ನಲವತ್ತು ಡಿಗ್ರಿಯನ್ನು ದಾಟಿದ ದಿನಗಳಲ್ಲಿ ಕರೆಂಟು ಹೋದರೆ ಮನೆಯ ಇನ್ವರ್ಟರೇ ಗತಿ. ಮಕ್ಕಳ ಪರೀಕ್ಷೆಯ ಓದು ನಡೆಯುತ್ತಿರುವಾಗಲೇ ಒಂದು ರಾತ್ರಿ ಅದರೊಳಗಿಂದ 'ಟಪ್' ಎಂಬ ಸದ್ದು ಕೇಳಿ, ಸುಟ್ಟ ವಾಸನೆ ಹರಡುತ್ತದೆ. ರಿಪೇರಿಯವರು ಪೆಟ್ಟಿಗೆಯನ್ನು ಬಿಚ್ಚಿ ನೋಡಿ, ಒಂದು ಮಾಸ್‌ಫೆಟ್ ಹೋಗಿದೆಯೆಂದು ಹೇಳಿ, ಆ ಒಂದನ್ನೇ ಬದಲಿಸಿ ಕೊಡುತ್ತಾರೆ. ಹದಿನೈದು ದಿನ ಕಳೆಯುವುದರೊಳಗೆ ಅದೇ ಸದ್ದು, ಅದೇ ವಾಸನೆ, ಮತ್ತೊಮ್ಮೆ ಅದೇ ಖರ್ಚು. ಇದನ್ನು ಹಣೆಬರಹವೆಂದು ಬಿಡುವವರಿದ್ದಾರೆ, ಅಂಗಡಿಯವರ ಮೋಸವೆಂದು ಸಿಡಿಮಿಡಿಗೊಳ್ಳುವವರೂ ಇದ್ದಾರೆ. ಬಹಳ ಸಲ ಕಾರಣ ಇವೆರಡೂ ಅಲ್ಲ. ಹತ್ತನೆಯ ತರಗತಿಯ ಭೌತಶಾಸ್ತ್ರದಲ್ಲಿ ಬರುವ ಸಮಾಂತರ ಜೋಡಣೆಯ ಪಾಠ ಎಲ್ಲಿ ನಿಲ್ಲುತ್ತದೆಯೋ ಅದರ ಮುಂದಿನ ಹೆಜ್ಜೆಯಲ್ಲಿ ಆ ಕಾರಣ ಅಡಗಿದೆ.

ಮೊದಲು ಲೆಕ್ಕವನ್ನು ನೋಡಬೇಕು. 12 ವೋಲ್ಟಿನ ಬ್ಯಾಟರಿಯಿಂದ 700 ವ್ಯಾಟಿನ ಹೊರೆಯನ್ನು ಹೊರಬೇಕಾದರೆ, ನಷ್ಟವೂ ಸೇರಿ ಸುಮಾರು 70 ಆಂಪಿಯರ್ ಪ್ರವಾಹ ಬೇಕಾಗುತ್ತದೆ. ಮನೆಗೆ ಬರುವ 230 ವೋಲ್ಟಿನ ತಂತಿಯಲ್ಲಿ ಇದೇ ಹೊರೆಗೆ ಮೂರು ಆಂಪಿಯರ್ ಸಾಕು. ಇಂಥ ಭಾರೀ ಪ್ರವಾಹವನ್ನು ಕೂಡಿಸಿ ಕಡಿಯುವ ಸ್ವಿಚ್ಚಿನ ಕೆಲಸವನ್ನು ಮಾಸ್‌ಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರು ಮಾಡುತ್ತದೆ. ರಿಪೇರಿ ಅಂಗಡಿಗಳಲ್ಲಿ ಬಹುವಾಗಿ ಕಾಣಸಿಗುವ ಐ.ಆರ್.ಎಫ್. 3205 ಎಂಬುದನ್ನೇ ತೆಗೆದುಕೊಂಡರೆ, ಅದು ತೆರೆದುಕೊಂಡಾಗ ಅದರ ರೋಧ 8 ಮಿಲಿಓಮ್, ಅಂದರೆ ಒಂದು ಓಮಿನ ಸಾವಿರದಲ್ಲಿ ಎಂಟು ಭಾಗ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಶಾಖವಾಗಿ ಹೋಗುವ ಶಕ್ತಿ ದೊರೆಯುತ್ತದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಒಂದೇ ಮಾಸ್‌ಫೆಟ್ 70 ಆಂಪಿಯರನ್ನು ಹೊತ್ತರೆ 39 ವ್ಯಾಟ್ ಶಾಖ. ಎರಡನ್ನು ಸಮಾಂತರವಾಗಿ ಜೋಡಿಸಿ ತಲಾ 35 ಆಂಪಿಯರ್ ಹೊರಿಸಿದರೆ ಒಂದೊಂದರಲ್ಲಿಯೂ ಹತ್ತು ವ್ಯಾಟಿಗಿಂತ ತುಸು ಕಡಿಮೆ. ಹೊರೆ ಅರ್ಧವಾದರೆ ಬೇಗೆ ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ ಇನ್ವರ್ಟರಿನ ಹೀಟ್‌ಸಿಂಕಿನ ಮೇಲೆ ಒಂದೇ ಬಗೆಯ ಮಾಸ್‌ಫೆಟ್‌ಗಳು ಸಾಲಾಗಿ ನಿಂತಿರುತ್ತವೆ.

ಬೀದಿಯಲ್ಲಿ ಓಡುವ ಎಲೆಕ್ಟ್ರಿಕ್ ಆಟೋಗಳಲ್ಲಿಯೂ ಇದೇ ವ್ಯವಸ್ಥೆ. ಅವುಗಳ ಮೋಟಾರನ್ನು ನಡೆಸುವ ಕಂಟ್ರೋಲರನ್ನು ಹನ್ನೆರಡರದು, ಹದಿನೆಂಟರದು, ಇಪ್ಪತ್ತನಾಲ್ಕರದು ಎಂದು ಒಳಗಿರುವ ಮಾಸ್‌ಫೆಟ್‌ಗಳ ಎಣಿಕೆಯಿಂದ ಕರೆಯುವ ವಾಡಿಕೆಯುಂಟು. ಮೂರು ಹಂತದ ಮೋಟಾರಿಗೆ ಬೇಕಾದ ಸ್ವಿಚ್ಚುಗಳ ಸ್ಥಾನಗಳು ಆರು. ಹದಿನೆಂಟಿದ್ದರೆ ಒಂದೊಂದು ಸ್ಥಾನದಲ್ಲಿ ಮೂರು ಮಂದಿ ಪಾಲುದಾರರು ಎಂದರ್ಥ.

ಪಾಲುದಾರಿಕೆ ಎಂದೊಡನೆ ಕೇಳಬೇಕಾದದ್ದು ಪಾಲು ಸಮವಾಗಿದೆಯೇ ಎಂಬುದು. ಇಲ್ಲಿ ನಿಸರ್ಗವೇ ಒಂದು ನ್ಯಾಯವನ್ನು ಇಟ್ಟಿದೆ. ಮಾಸ್‌ಫೆಟ್ ಬಿಸಿಯಾದಷ್ಟೂ ಅದರ ರೋಧ ಹೆಚ್ಚುತ್ತದೆ. ತೀರ ಕಾದಾಗ ಅದು ಬಹುಮಟ್ಟಿಗೆ ಇಮ್ಮಡಿಯಾಗುವುದೂ ಉಂಟು. ಪಾಲುದಾರರಲ್ಲಿ ಒಬ್ಬನು ಹೆಚ್ಚು ಪ್ರವಾಹವನ್ನು ಹೊತ್ತು ಕಾದರೆ ಅವನ ದಾರಿ ಬಿಗಿಯಾಗಿ, ಹೆಚ್ಚುವರಿ ಪ್ರವಾಹ ತಣ್ಣಗಿರುವ ಪಕ್ಕದವನತ್ತ ತಾನೇ ಸರಿಯುತ್ತದೆ. ಯಾರೂ ಮಧ್ಯಸ್ಥಿಕೆ ವಹಿಸಬೇಕಾಗಿಲ್ಲ. ಪ್ರವಾಹ ಹರಿಯುತ್ತಲೇ ಇರುವಷ್ಟು ಕಾಲ ಈ ಹಂಚಿಕೆ ತಕ್ಕಮಟ್ಟಿಗೆ ನೆಟ್ಟಗೆ ನಡೆಯುತ್ತದೆ.

ಕೆಡುವುದು ತೆರೆಯುವ ಮತ್ತು ಮುಚ್ಚುವ ಕ್ಷಣದಲ್ಲಿ. ಪಾಲುಪಟ್ಟಿಯಲ್ಲಿ ಸಮಪಾಲು ಎಂದು ಬರೆದಿದ್ದರೂ ಸ್ವಾಧೀನ ಮೊದಲು ಯಾರಿಗೆ ದೊರೆಯಿತೆಂಬುದರ ಮೇಲೆ ಎಷ್ಟೋ ಮನೆತನಗಳ ವ್ಯಾಜ್ಯಗಳು ನಿಂತಿರುತ್ತವೆ, ಇಲ್ಲಿಯೂ ಹಾಗೆಯೇ. ಮಾಸ್‌ಫೆಟ್‌ನ ಗೇಟು ಎಂಬ ತುದಿಗೆ ಒಂದು ನಿಶ್ಚಿತ ವೋಲ್ಟೇಜು ಏರಿದಾಗ ಮಾತ್ರ ಅದು ತೆರೆಯಲಾರಂಭಿಸುತ್ತದೆ. ಇದಕ್ಕೆ ಹೊಸ್ತಿಲ ವೋಲ್ಟೇಜು ಎನ್ನಬಹುದು. ಮೇಲೆ ಹೇಳಿದ 3205ರ ವಿಷಯದಲ್ಲಿ ತಯಾರಕರು ಭರವಸೆ ಕೊಡುವುದು ಹೊಸ್ತಿಲು 2 ವೋಲ್ಟಿನಿಂದ 4 ವೋಲ್ಟಿನ ನಡುವೆ ಎಲ್ಲಿಯಾದರೂ ಇರುತ್ತದೆ ಎಂದಷ್ಟೇ. ಒಂದೇ ಹೆಸರು ಹೊತ್ತ ಎರಡರಲ್ಲಿ ಒಂದರ ಹೊಸ್ತಿಲು ಎರಡೂವರೆ, ಇನ್ನೊಂದರದು ಮೂರೂವರೆ ಇದ್ದರೆ ಅದು ದೋಷವಲ್ಲ. ಆದರೆ ಅವೆರಡನ್ನೂ ಜೊತೆಗೆ ಕಟ್ಟಿದಾಗ ಹೊಸ್ತಿಲು ತಗ್ಗಾಗಿರುವುದು ಮೊದಲು ತೆರೆದು, ಕೊನೆಗೆ ಮುಚ್ಚುತ್ತದೆ. ಆ ಎರಡು ಅಂಚುಗಳಲ್ಲಿಯೂ ಪೂರ್ಣ ಪ್ರವಾಹ ಅದೊಂದರ ಹೆಗಲ ಮೇಲೆಯೇ ಬೀಳುತ್ತದೆ. ಇಷ್ಟು ಸಾಲದೆಂಬಂತೆ, ಬಿಸಿಯಾದಷ್ಟೂ ಹೊಸ್ತಿಲು ಇನ್ನೂ ತಗ್ಗುತ್ತದೆ. ಹರಿವಿನ ಕಾಲದಲ್ಲಿ ಕಾದವನನ್ನು ಕಾಪಾಡುವ ನಿಸರ್ಗವೇ ಅಂಚಿನ ಕ್ಷಣದಲ್ಲಿ ಕಾದವನ ಮೇಲೆ ಮತ್ತಷ್ಟು ಹೇರುತ್ತದೆ. ಪಠ್ಯದ ರೋಧಕಗಳಿಗೂ ನಿಜವಾದ ಟ್ರಾನ್ಸಿಸ್ಟರುಗಳಿಗೂ ಇರುವ ಅಂತರ ಇದು.

ತಂತಿಯ ಉದ್ದವೂ ಪಾಲನ್ನು ಕೆಡಿಸಬಲ್ಲದು. ಒಂದು ಸೆಂಟಿಮೀಟರ್ ತಂತಿಗೆ ಸುಮಾರು 10 ನ್ಯಾನೋಹೆನ್ರಿ ಪ್ರೇರಕತ್ವವಿರುತ್ತದೆ. ಓದಿದರೆ ನಗಣ್ಯವೆನಿಸುತ್ತದೆ. ಆದರೆ ಪ್ರವಾಹವು ಒಂದು ನ್ಯಾನೋಸೆಕೆಂಡಿಗೆ ಒಂದು ಆಂಪಿಯರಿನಂತೆ ಏರುವಾಗ ಆ ಒಂದು ಸೆಂಟಿಮೀಟರಿನ ಮೇಲೆ 10 ವೋಲ್ಟ್ ಬೀಳುತ್ತದೆ, ಗೇಟನ್ನು ತೆರೆಯಲು ಕೊಡುವ ಒಟ್ಟು ವೋಲ್ಟೇಜಿನಷ್ಟೇ ಹೆಚ್ಚುಕಡಿಮೆ. ಬೆಸುಗೆ ಹಾಕುವಾಗ ಒಂದರ ಕಾಲನ್ನು ಉದ್ದವಾಗಿ ಬಿಟ್ಟು ಇನ್ನೊಂದರದನ್ನು ಗಿಡ್ಡವಾಗಿ ಕತ್ತರಿಸುವುದು ನೋಟಕ್ಕಷ್ಟೇ ಸಂಬಂಧಿಸಿದ ವಿಚಾರವಲ್ಲ.

ಅಂಚಿನ ಕ್ಷಣ ಅಷ್ಟು ಚಿಕ್ಕದಾದ ಮೇಲೆ ಚಿಂತೆಯೇಕೆ ಎಂದು ಕೇಳಬಹುದು. ಉತ್ತರ ಎಣಿಕೆಯಲ್ಲಿದೆ. 400 ವೋಲ್ಟ್, 20 ಆಂಪಿಯರಿನ ಸ್ವಿಚ್ಚೊಂದು ತೆರೆಯಲು 100 ನ್ಯಾನೋಸೆಕೆಂಡ್, ಮುಚ್ಚಲು 100 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆಂದು ಇಟ್ಟುಕೊಳ್ಳೋಣ. ಆ ಸಂದಿಯಲ್ಲಿ ವೋಲ್ಟೇಜೂ ಪ್ರವಾಹವೂ ಒಟ್ಟಿಗೆ ಇರುವುದರಿಂದ ಕ್ಷಣಮಾತ್ರ 8,000 ವ್ಯಾಟಿನವರೆಗೆ ಶಾಖ ಹುಟ್ಟುತ್ತದೆ. ಒಂದು ಸುತ್ತಿಗೆ ಒಟ್ಟು ನಷ್ಟ 0.8 ಮಿಲಿಜೂಲ್. ಸೆಕೆಂಡಿಗೆ 50 ಸುತ್ತಾದರೆ ಇದು 0.04 ವ್ಯಾಟ್, ಲೆಕ್ಕಕ್ಕಿಲ್ಲ. 20,000 ಸುತ್ತಾದರೆ 16 ವ್ಯಾಟ್, ಒಂದು ಲಕ್ಷವಾದರೆ 80 ವ್ಯಾಟ್. ಹಾಗಿದ್ದರೆ ಐವತ್ತರಲ್ಲಿಯೇ ಇರಬಹುದಲ್ಲ? ಹಳೆಯ ಇನ್ವರ್ಟರನ್ನು ಅಟ್ಟದಿಂದ ಇಳಿಸಿ ಬೆನ್ನು ಹಿಡಿಸಿಕೊಂಡವರಿಗೆ ಉತ್ತರ ಗೊತ್ತು. ಐವತ್ತು ಸುತ್ತಿನ ಟ್ರಾನ್ಸ್‌ಫಾರ್ಮರಿಗೆ ಕಬ್ಬಿಣದ ಭಾರವಾದ ತಿರುಳು ಬೇಕು. ಸುತ್ತು ಲಕ್ಷವಾದರೆ ಅಂಗೈಯಲ್ಲಿ ಹಿಡಿಯುವ ಫೆರೈಟ್ ತುಂಡು ಅದೇ ಕೆಲಸ ಮಾಡುತ್ತದೆ. ಪೆಟ್ಟಿಗೆ ಚಿಕ್ಕದಾಗಬೇಕೆಂದರೆ ಸುತ್ತು ಹೆಚ್ಚಬೇಕು, ಸುತ್ತು ಹೆಚ್ಚಬೇಕೆಂದರೆ ಅಂಚಿನ ನಷ್ಟವನ್ನು ಹೇಗಾದರೂ ನೀಗಬೇಕು. ಈ ನೀಗುವ ಉಪಾಯಗಳಿಗೆ ಮೃದು ಸ್ವಿಚ್ಚಿಂಗ್ ಎಂಬ ಹೆಸರು.

ಉಪಾಯದ ತಿರುಳನ್ನು ನೀರಿನ ದ್ವಾರಗಳಲ್ಲಿ ಕಾಣಬಹುದು. ತುಂಗಭದ್ರಾ ಅಣೆಕಟ್ಟೆಯ ಮೇಲೆ 33 ಕ್ರೆಸ್ಟ್‌ಗೇಟುಗಳು ಸಾಲಾಗಿ ನಿಂತು ಒಂದೇ ಹೊರೆಯನ್ನು ಹಂಚಿಕೊಂಡಿವೆ. 2024ರ ಆಗಸ್ಟ್ 10ರ ರಾತ್ರಿ ಅವುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಅಧಿಕಾರಿಗಳು ಉಳಿದ ಗೇಟುಗಳನ್ನು ತೆರೆದು ಜಲಾಶಯದ ಒತ್ತಡವನ್ನು ಇಳಿಸಿದ್ದನ್ನು ಈ ಸೀಮೆಯ ರೈತರು ಆತಂಕದಿಂದ ನೋಡಿದರು. ಒಂದು ಬದಿಯಲ್ಲಿ ನೀರಿನ ಭಾರ, ಇನ್ನೊಂದು ಬದಿಯಲ್ಲಿ ಬರಿದು ಇರುವಾಗ ಯಾವುದೇ ಗೇಟನ್ನು ಅಲುಗಿಸುವುದು ಕಷ್ಟ. ಆಳದಲ್ಲಿರುವ ದೊಡ್ಡ ಗೇಟುಗಳನ್ನು ಎತ್ತುವ ಮುನ್ನ ಸಣ್ಣ ಬೈಪಾಸ್ ಕೊಳವೆಯ ಮೂಲಕ ಆಚೆಬದಿಗೂ ನೀರನ್ನು ತುಂಬಿಸಿ, ಎರಡು ಬದಿಯ ಒತ್ತಡವನ್ನು ಸಮಗೊಳಿಸುವ ಕ್ರಮ ಇರುವುದು ಇದಕ್ಕಾಗಿಯೇ. ಆಗ ಗೇಟು ಹಗುರಾಗಿ ಏಳುತ್ತದೆ.

ಮೃದು ಸ್ವಿಚ್ಚಿಂಗ್ ಮಾಡುವುದೂ ಇಷ್ಟೇ. ಟ್ರಾನ್ಸಿಸ್ಟರಿನ ಎರಡು ತುದಿಗಳ ನಡುವೆ ಒಂದು ಸಣ್ಣ ಧಾರಕತ್ವ ಸಹಜವಾಗಿಯೇ ಇರುತ್ತದೆ, ಅದರಲ್ಲಿ ವಿದ್ಯುದಂಶ ತುಂಬಿರುತ್ತದೆ. ಹಾಗೆಯೇ ತೆರೆದರೆ ಆ ವಿದ್ಯುದಂಶವೆಲ್ಲ ಟ್ರಾನ್ಸಿಸ್ಟರಿನೊಳಗೇ ಸುರಿದು ಶಾಖವಾಗುತ್ತದೆ. ಅದರ ಬದಲು, ಪಕ್ಕದ ಪ್ರೇರಕದಲ್ಲಿ ಹರಿಯುತ್ತಿರುವ ಪ್ರವಾಹವೇ ಆ ಧಾರಕವನ್ನು ಬರಿದು ಮಾಡುವಂತೆ ಕೆಲವು ನೂರು ನ್ಯಾನೋಸೆಕೆಂಡ್ ಕಾಯಬೇಕು. ವೋಲ್ಟೇಜು ಸೊನ್ನೆಗೆ ಇಳಿದ ಬಳಿಕ ಗೇಟಿಗೆ ಅಪ್ಪಣೆ ಕೊಡಬೇಕು. ಇದು ಸೊನ್ನೆ ವೋಲ್ಟೇಜಿನ ಸ್ವಿಚ್ಚಿಂಗ್. ಪ್ರವಾಹವನ್ನೇ ಸೊನ್ನೆಗೆ ತಂದು ಬಳಿಕ ಮುಚ್ಚುವುದು ಇನ್ನೊಂದು ಬಗೆ. ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಪ್ರವಾಹದ ಬಾಲವನ್ನು ಎಳೆಯುವ ಐ.ಜಿ.ಬಿ.ಟಿ. ಎಂಬ ಟ್ರಾನ್ಸಿಸ್ಟರಿಗೆ ಅದು ಒಪ್ಪುತ್ತದೆ.

ಇದನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಅಡುಗೆಮನೆಯ ಇಂಡಕ್ಷನ್ ಒಲೆಯ ಗಾಜಿನ ಕೆಳಗಿರುವ ತಾಮ್ರದ ಸುರುಳಿ ಒಂದು ಪ್ರೇರಕ. ಅದರೊಡನೆ ಒಂದು ಧಾರಕವಿದೆ, ಸಾಮಾನ್ಯ ಒಲೆಗಳಲ್ಲಿ ಒಂದೇ ಐ.ಜಿ.ಬಿ.ಟಿ. ಇದೆ. ಅದು ಮುಚ್ಚಿದೊಡನೆ ಸುರುಳಿಯೂ ಧಾರಕವೂ ಉಯ್ಯಾಲೆಯಂತೆ ಶಕ್ತಿಯನ್ನು ಒಬ್ಬರಿಂದೊಬ್ಬರಿಗೆ ತೂಗಿಸುತ್ತವೆ. ವೋಲ್ಟೇಜು ಮೆಲ್ಲನೆ ಏರಿ, ಬಾಗಿ, ಮತ್ತೆ ಸೊನ್ನೆಗೆ ಮರಳುತ್ತದೆ. ಮರಳಿದ ಆ ಗಳಿಗೆಯಲ್ಲಿಯೇ ಐ.ಜಿ.ಬಿ.ಟಿ. ಮತ್ತೆ ತೆರೆಯುತ್ತದೆ. ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಮಿಗಿಲಾಗಿ ಈ ತೂಗಾಟ ನಡೆಯುತ್ತಿದ್ದರೂ ಹಾಲು ಕಾಯಿಸುವವರಿಗೆ ಅದರ ಅರಿವಿರುವುದಿಲ್ಲ.

1980ರ ದಶಕದಲ್ಲಿ ಈ ವಿಚಾರ ಬಿರುಸಿನಿಂದ ಬೆಳೆಯಿತು. ಅಮೆರಿಕದ ವರ್ಜೀನಿಯಾದಲ್ಲಿ ಫ್ರೆಡ್ ಲೀ ಅವರ ಬಳಗವು ಅನುರಣನದ ಸ್ವಿಚ್ಚುಗಳ ಮೇಲೆ ಕೆಲಸ ಮಾಡಿತು. ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ ವಿಸ್ಕಾನ್ಸಿನ್‌ನಲ್ಲಿ ಅಧ್ಯಾಪಕರಾಗಿದ್ದ ದೀಪಕ್ ದಿವಾನ್ ಅವರು 1986ರಲ್ಲಿ, ಇನ್ವರ್ಟರಿಗೆ ಹೋಗುವ ನೇರ ಪ್ರವಾಹದ ಹಾದಿಯನ್ನೇ ತೂಗಾಡಿಸಿ, ಆಗಾಗ ಅದು ಸೊನ್ನೆಗೆ ಬಂದಾಗ ಎಲ್ಲ ಸ್ವಿಚ್ಚುಗಳೂ ಬದಲಾಗುವ ಉಪಾಯವನ್ನು ಮುಂದಿಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ವಿ. ರಾಮನಾರಾಯಣನ್ ಅವರ ಪಾಠಟಿಪ್ಪಣಿಗಳಲ್ಲಿ ಮೃದು ಸ್ವಿಚ್ಚಿಂಗ್‌ಗೆ ಒಂದು ಅಧ್ಯಾಯವೇ ಮೀಸಲು. ಭಾರತದ ಎಷ್ಟೋ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ವಿಷಯವನ್ನು ಕಲಿತದ್ದು ಅದರಿಂದಲೇ. ಅದು ಇರುವುದು ಇಂಗ್ಲಿಷಿನಲ್ಲಿ. ಅದರ ಮೊದಲ ಹತ್ತು ಪುಟಗಳಾದರೂ ಕನ್ನಡದಲ್ಲಿ ಇದ್ದಿದ್ದರೆ ಗಡಿಯಾಚೆಯ ಕನ್ನಡ ಮಾಧ್ಯಮದ ಹುಡುಗರಿಗೆ ಪಾಲಿಟೆಕ್ನಿಕ್ಕಿನ ಮೊದಲ ವರ್ಷ ಅಷ್ಟು ಕಡಿದಾಗುತ್ತಿರಲಿಲ್ಲ.

ಜೊತೆಗೂಡಿದ ಟ್ರಾನ್ಸಿಸ್ಟರುಗಳಿಗೆ ಮೃದು ಸ್ವಿಚ್ಚಿಂಗ್‌ನಿಂದ ಆಗುವ ಲಾಭ ಒಂಟಿಯಾಗಿರುವುದಕ್ಕೆ ಆಗುವುದಕ್ಕಿಂತ ದೊಡ್ಡದು. ವೋಲ್ಟೇಜು ಆಗಲೇ ಸೊನ್ನೆಗೆ ಇಳಿದಿರುವಾಗ ಯಾರ ಹೊಸ್ತಿಲು ತಗ್ಗು, ಯಾರದು ಎತ್ತರ ಎಂಬುದು ಮುಖ್ಯವಾಗುವುದಿಲ್ಲ. ಮೊದಲು ತೆರೆದವನಿಗೂ ಹೊರಲು ಅಲ್ಲಿ ಭಾರವೇ ಇರುವುದಿಲ್ಲ. ಮುಚ್ಚುವಾಗ ಮಾತ್ರ ನ್ಯಾಯ ಪೂರ್ತಿಯಾಗಿ ದೊರೆಯದು. ಕೊನೆಗೆ ಮುಚ್ಚುವವನು ಕೆಲವು ನ್ಯಾನೋಸೆಕೆಂಡ್ ಎಲ್ಲರ ಪ್ರವಾಹವನ್ನೂ ಹೊರಬೇಕಾಗುತ್ತದೆ. ಆದರೆ ಸಮಾಂತರವಾಗಿರುವ ಧಾರಕವು ಆ ಹೊತ್ತಿನಲ್ಲಿ ವೋಲ್ಟೇಜು ಥಟ್ಟನೆ ಏರದಂತೆ ಹಿಡಿದಿಡುವುದರಿಂದ ಪೆಟ್ಟು ಬಹಳ ತಗ್ಗುತ್ತದೆ.

ಇದಕ್ಕೂ ಮಿತಿಗಳಿವೆ. ಧಾರಕವನ್ನು ಬರಿದು ಮಾಡುವಷ್ಟು ಶಕ್ತಿ ಪ್ರೇರಕದಲ್ಲಿ ಇರಬೇಕು, ಹೊರೆ ತೀರ ಹಗುರವಾದಾಗ ಅಷ್ಟು ಪ್ರವಾಹವೇ ಇರುವುದಿಲ್ಲ. ತೂಗಾಡುವ ಹೆಚ್ಚುವರಿ ಪ್ರವಾಹವೂ ತಂತಿಗಳಲ್ಲಿ ಅಲೆದು ಸ್ವಲ್ಪ ಶಾಖವನ್ನು ಉಂಟುಮಾಡುತ್ತದೆ. ಎಲ್ಲ ಕಡೆಗೂ ಇದು ಬೇಕಿಲ್ಲವೆಂಬುದನ್ನೂ ಹೇಳಬೇಕು. ಆದವಾನಿ ನಿಲ್ದಾಣದ ಮೂಲಕ ಮುಂಬಯಿ–ಚೆನ್ನೈ ಹಾದಿಯಲ್ಲಿ ಸಾಗುವ ಮೂರು ಹಂತದ ರೈಲು ಎಂಜಿನುಗಳಲ್ಲಿ ದೊಡ್ಡ ಸ್ವಿಚ್ಚುಗಳು ಸೆಕೆಂಡಿಗೆ ಕೆಲವು ನೂರು ಸಲವಷ್ಟೇ ಬದಲಾಗುತ್ತವೆ; ಅಲ್ಲಿ ಅಂಚಿನ ನಷ್ಟವನ್ನು ಸಹಿಸಿ, ತಂಪುಗೊಳಿಸುವ ವ್ಯವಸ್ಥೆಯನ್ನು ಬಲಪಡಿಸುವುದೇ ಲೇಸು. ಬೀದಿಯ ಆಟೋಗಳ ಕಂಟ್ರೋಲರುಗಳೂ ಸಾಮಾನ್ಯವಾಗಿ ಕಟು ಸ್ವಿಚ್ಚಿಂಗಿನವೇ.

ಮೃದು ಸ್ವಿಚ್ಚಿಂಗ್‌ನ ಉಪಾಯಗಳಲ್ಲೆಲ್ಲ ಸೊಗಸಾದುದು ಬೇರೆಬೇರೆ ಜಾತಿಯ ಎರಡು ಟ್ರಾನ್ಸಿಸ್ಟರುಗಳನ್ನು ಬೇಕೆಂದೇ ಜೊತೆಗೆ ಕಟ್ಟುವುದು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಗಾದೆಯಿದೆ. ಹೊಂದದ ಜೋಡಿಯನ್ನು ಹೂಡಬಾರದೆಂಬುದು ಒಕ್ಕಲುತನದ ಅನುಭವ. ಎಂಜಿನಿಯರರು ಇಲ್ಲಿ ಅದನ್ನು ಮೀರಿದ್ದಾರೆ. ಐ.ಜಿ.ಬಿ.ಟಿ. ಭಾರೀ ಪ್ರವಾಹವನ್ನು ಕಡಿಮೆ ನಷ್ಟದಲ್ಲಿ ಹೊರುತ್ತದೆ, ಆದರೆ ಮುಚ್ಚುವಾಗ ನಿಧಾನ. ಮಾಸ್‌ಫೆಟ್ ಚುರುಕು, ಆದರೆ ಹೆಚ್ಚು ವೋಲ್ಟೇಜಿನ ಜಾಗದಲ್ಲಿ ಭಾರೀ ಪ್ರವಾಹವನ್ನು ಬಹಳ ಹೊತ್ತು ಹೊರಿಸಿದರೆ ದಣಿಯುತ್ತದೆ. ಆದ್ದರಿಂದ ಮಾಸ್‌ಫೆಟ್ ಮೊದಲು ತೆರೆದು ವೋಲ್ಟೇಜನ್ನು ಇಳಿಸುತ್ತದೆ, ಆ ಬಳಿಕ ಐ.ಜಿ.ಬಿ.ಟಿ. ನಿರಾಯಾಸವಾಗಿ ತೆರೆದು ಹೊರೆಯ ಬಹುಪಾಲನ್ನು ವಹಿಸಿಕೊಳ್ಳುತ್ತದೆ. ಮುಚ್ಚುವಾಗ ಐ.ಜಿ.ಬಿ.ಟಿ. ಮೊದಲು ನಿವೃತ್ತವಾಗುತ್ತದೆ. ಅದರ ಬಾಲಪ್ರವಾಹ ಅಡಗುವವರೆಗೆ ಮಾಸ್‌ಫೆಟ್ ತೆರೆದೇ ಇದ್ದು, ಸುಮಾರು ಒಂದು ಮೈಕ್ರೋಸೆಕೆಂಡಿನ ಅನಂತರ ತಾನೂ ಮುಚ್ಚುತ್ತದೆ. ಇಲ್ಲಿ ಹೊಸ ಪ್ರೇರಕವಿಲ್ಲ, ಹೊಸ ಧಾರಕವಿಲ್ಲ. ಯಾರು ಮೊದಲು, ಯಾರು ಆಮೇಲೆ ಎಂಬ ಕಾಲನಿಯಮದಿಂದಲೇ ಒಬ್ಬನಿಗೆ ಮೃದು ಸ್ವಿಚ್ಚಿಂಗ್ ದೊರೆಯುತ್ತದೆ. ಈಗ ಮಾಸ್‌ಫೆಟ್‌ನ ಸ್ಥಾನದಲ್ಲಿ ಸಿಲಿಕಾನ್ ಕಾರ್ಬೈಡಿನದನ್ನು ಇಟ್ಟು ಇದೇ ಜೋಡಿಯನ್ನು ಮತ್ತಷ್ಟು ಚುರುಕುಗೊಳಿಸುವ ಕೆಲಸ ನಡೆದಿದೆ.

ಇನ್ನು ಹದಿನೈದು ದಿನಕ್ಕೆ ಮರಳಿ ಸುಟ್ಟ ಇನ್ವರ್ಟರಿನ ಮಾತು. ಮಾಸ್‌ಫೆಟ್ ಕೆಟ್ಟಾಗ ಸಾಮಾನ್ಯವಾಗಿ ತೆರೆದ ಬಾಗಿಲಿನಂತೆ ಶಾರ್ಟ್ ಆಗಿ ಕೆಡುತ್ತದೆ. ಆ ಹೊತ್ತಿಗೆ ಅದರ ಜೊತೆಗಾರರೂ ಏಟು ತಿಂದಿರುತ್ತವೆ. ಮೀಟರಿಗೆ ಅವು ಸರಿಯಾಗಿರುವಂತೆಯೇ ಕಾಣಬಹುದು. ಅಂಥ ಹಳಬರ ನಡುವೆ ಬೇರೊಂದು ತಯಾರಿಯ ಹೊಸಬನನ್ನು ತಂದು ನಿಲ್ಲಿಸಿದರೆ ಹೊಸ್ತಿಲುಗಳು ಹೊಂದುವುದಿಲ್ಲ, ಅಂಚಿನ ಹೊರೆ ಮತ್ತೆ ಒಬ್ಬನ ಮೇಲೆಯೇ ಬೀಳುತ್ತದೆ. ಆದುದರಿಂದ ಆ ಗುಂಪಿನ ಎಲ್ಲವನ್ನೂ ಒಂದೇ ತಯಾರಕರ, ಸಾಧ್ಯವಾದರೆ ಒಂದೇ ಬ್ಯಾಚಿನ ಮಾಸ್‌ಫೆಟ್‌ಗಳಿಂದ ಬದಲಿಸುವುದೇ ಸರಿಯಾದ ದುರಸ್ತಿ. ಒಂದೊಂದಕ್ಕೂ ಪ್ರತ್ಯೇಕ ಗೇಟ್ ರೋಧಕವಿದೆಯೇ, ಅದೂ ಸುಟ್ಟಿಲ್ಲವೇ ಎಂದು ನೋಡಬೇಕು. ಕಾಲುಗಳನ್ನು ಒಂದೇ ಅಳತೆಗೆ ಗಿಡ್ಡವಾಗಿ ಬೆಸೆಯಬೇಕು. ಹೀಟ್‌ಸಿಂಕಿನ ಒಣಗಿದ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಬೇಕು. ಹಳೆಯ ಬೋರ್ಡುಗಳಿಂದ ಕಿತ್ತು ಹೊಸ ಗುರುತು ಒತ್ತಿದ ಮಾಸ್‌ಫೆಟ್‌ಗಳು ಸಂತೆಗೆ ಬರುವುದುಂಟು, ಬೆಲೆ ನಂಬಲಾಗದಷ್ಟು ಅಗ್ಗವಾಗಿದ್ದರೆ ನಂಬದಿರುವುದೇ ಮೇಲು.

ಬಿಲ್ಲನ್ನು ಕೇಳಿ ಪಡೆಯಬೇಕು, ಅದರಲ್ಲಿ ಬದಲಿಸಿದ ಭಾಗಗಳ ಹೆಸರನ್ನೂ ಎಣಿಕೆಯನ್ನೂ ಬರೆಸಬೇಕು, ತೆಗೆದ ಹಳೆಯ ಭಾಗಗಳನ್ನು ಮರಳಿ ಪಡೆಯಬೇಕು. ದುರಸ್ತಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಸೇವೆಯೇ. ಸೇವಾನ್ಯೂನತೆಗೆ ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗದಲ್ಲಿ ದೂರು ಕೊಡಬಹುದು. ಬಿಲ್ಲಿಲ್ಲದ ದೂರು ಸಾಕ್ಷ್ಯದ ಹಂತದಲ್ಲಿಯೇ ಕುಂಟುತ್ತದೆ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ.

ಕುತೂಹಲವುಳ್ಳ ಮಕ್ಕಳು ಕೆಟ್ಟ ಇನ್ವರ್ಟರನ್ನು ತೆರೆದು ಮಾಸ್‌ಫೆಟ್‌ಗಳನ್ನು ಎಣಿಸಬೇಕೆಂದರೆ ಬ್ಯಾಟರಿಯನ್ನೂ ಗೋಡೆಯ ಪ್ಲಗ್ಗನ್ನೂ ಕಳಚಿ, ಬಲ್ಲವರು ಪಕ್ಕದಲ್ಲಿರುವಾಗ ನೋಡಬೇಕು. ಟಿ.ವಿ., ಇಂಡಕ್ಷನ್ ಒಲೆ, ಚಾರ್ಜರುಗಳನ್ನು ಮಾತ್ರ ಮನೆಯಲ್ಲಿ ತೆರೆಯಲೇಬಾರದು. 230 ವೋಲ್ಟನ್ನು ನೇರ ಪ್ರವಾಹಕ್ಕೆ ತಿರುಗಿಸಿದಾಗ ಅವುಗಳ ಧಾರಕಗಳಲ್ಲಿ ಸುಮಾರು 325 ವೋಲ್ಟ್ ತುಂಬಿಕೊಳ್ಳುತ್ತದೆ, ಪ್ಲಗ್ಗನ್ನು ಕಿತ್ತ ಬಳಿಕವೂ ಅದು ಸ್ವಲ್ಪ ಹೊತ್ತು ಅಲ್ಲಿಯೇ ಉಳಿದಿರುತ್ತದೆ.